ಓವರ್‌ಹಂಗ್ ಫ್ಯಾನ್‌ಗಳ ಬ್ಯಾಲೆನ್ಸಿಂಗ್: ಕೊಡಗಿನ ಕಾಫಿ ಘಟಕಗಳಿಗೆ ಯಾವ ವಿಧಾನ ಸೂಕ್ತ?

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗುವ ನವೆಂಬರ್–ಡಿಸೆಂಬರ್‌ನಿಂದ ರೊಬಸ್ಟಾ ಕೊಯ್ಲು ಮುಗಿಯುವ ಮಾರ್ಚ್‌ವರೆಗೆ ತೋಟಗಳ ಡ್ರೈಯರ್‌ಗಳಿಗೂ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳ ಯಂತ್ರಗಳಿಗೂ ಬಿಡುವು ಕಡಿಮೆ. ಡ್ರೈಯರ್‌ಗೆ ಬಿಸಿಗಾಳಿ ಊದುವ ಬ್ಲೋವರ್, ಕಾಫಿ ಹೊಟ್ಟು ಅಥವಾ ಸೌದೆ ಉರಿಸುವ ಕುಲುಮೆಯಿಂದ ಹೊಗೆ ಎಳೆಯುವ ಫ್ಯಾನ್, ಸಿಪ್ಪೆ ಸುಲಿಯುವ ಹಲ್ಲರ್ ಮತ್ತು ಬೀಜ ವಿಂಗಡಿಸುವ ಗ್ರೇಡರ್‌ಗಳಿಂದ ಧೂಳನ್ನೂ ಸಿಪ್ಪೆಯನ್ನೂ ಹೀರಿ, ಗಾಳಿಯಿಂದ ಅವುಗಳನ್ನು ಬೇರ್ಪಡಿಸುವ ಸೈಕ್ಲೋನ್‌ಗೆ ಸಾಗಿಸುವ ಫ್ಯಾನ್, ಹೀಗೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಾಗಲಿ, ವಿರಾಜಪೇಟೆ ಮತ್ತು ಸೋಮವಾರಪೇಟೆಯ ಕಡೆಯ ದೊಡ್ಡ ತೋಟಗಳಲ್ಲಾಗಲಿ ಕಾಣುವ ಫ್ಯಾನ್‌ಗಳಲ್ಲಿ ಓವರ್‌ಹಂಗ್ ಮಾದರಿಯವು ಬಹಳ. ಎರಡು ಬೇರಿಂಗ್‌ಗಳ ನಡುವೆ ಇಂಪೆಲ್ಲರ್, ಅಂದರೆ ಬ್ಲೇಡುಗಳಿರುವ ಚಕ್ರ, ಕೂರುವ ಬದಲು, ಎರಡನ್ನೂ ದಾಟಿ ಹೊರಚಾಚಿದ ಶಾಫ್ಟಿನ ತುದಿಯಲ್ಲಿ ಇಂಪೆಲ್ಲರ್ ತೂಗುತ್ತಿರುತ್ತದೆ. ಬೇರಿಂಗ್‌ಗಳು ಧೂಳು ಮತ್ತು ಬಿಸಿಯಿಂದ ದೂರ ಉಳಿಯುತ್ತವೆ, ಗಾಳಿಯ ಒಳದಾರಿಗೆ ಅಡ್ಡಿಯಾಗುವುದಿಲ್ಲ ಎಂಬುದು ಈ ವಿನ್ಯಾಸದ ಲಾಭ. ತೂಕದ ಸಣ್ಣ ಏರುಪೇರೂ ದೊಡ್ಡ ಕಂಪನವಾಗಿ ಹೊರಬರುತ್ತದೆ ಎಂಬುದು ಅದರ ಬೆಲೆ. ಆ ಏರುಪೇರನ್ನು ತೂಕ ಕೂಡಿಸಿ ಸರಿದೂಗಿಸುವುದೇ ಬ್ಯಾಲೆನ್ಸಿಂಗ್.

ಫ್ಯಾನ್ ಅದುರತೊಡಗಿದಾಗ ಮಾಲೀಕರ ಅಥವಾ ನಿರ್ವಹಣೆಯವರ ಮುಂದೆ ಹಲವು ದಾರಿಗಳಿರುತ್ತವೆ. ಇಂಪೆಲ್ಲರನ್ನು ಬಿಚ್ಚಿ ಮೈಸೂರಿಗೋ ಮಂಗಳೂರಿಗೋ ಕಳುಹಿಸಿ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಸರಿಪಡಿಸಬಹುದು. ಉಪಕರಣ ತರಿಸಿ ಇದ್ದಲ್ಲಿಯೇ ಸಿಂಗಲ್ ಪ್ಲೇನ್ (ಇಂಪೆಲ್ಲರಿನ ಒಂದೇ ಸಮತಲದಲ್ಲಿ ತೂಕ ಕೂಡಿಸುವ) ಅಥವಾ ಟೂ ಪ್ಲೇನ್ (ಎರಡು ಸಮತಲಗಳಲ್ಲಿ ಕೂಡಿಸುವ) ಬ್ಯಾಲೆನ್ಸಿಂಗ್ ಮಾಡಿಸಬಹುದು. ಸಾದಾ ಕಂಪನ ಮಾಪಕವೊಂದನ್ನೇ ನಂಬಿ, ಫ್ಯಾನನ್ನು ನಾಲ್ಕು ಸಲ ಓಡಿಸಿ ಅಳೆಯುವ ನಾಲ್ಕು ಓಟದ ವಿಧಾನ ಅನುಸರಿಸಬಹುದು. ಅಥವಾ ಕೈಯಿಂದ ತಿರುಗಿಸಿ, ಭಾರದ ಬದಿ ಕೆಳಗೆ ಬರುವುದನ್ನು ನೋಡಿ ತೂಕ ಕೂಡಿಸಬಹುದು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಅಸಮತೋಲನ ಎಲ್ಲಿಂದ ಬಂದಿದೆ, ಮೋಟಾರನ್ನು ಎಷ್ಟು ಸಲ ಸ್ಟಾರ್ಟ್ ಮಾಡಲು ಸಾಧ್ಯ, ಮತ್ತು ಸೀಸನ್ನಿನ ಯಾವ ಘಟ್ಟದಲ್ಲಿ ತೊಂದರೆ ಬಂದಿದೆ. ಖರ್ಚಿನ ಲೆಕ್ಕ ಇವುಗಳ ನಂತರದ್ದು.

ಚಾಚಿಕೊಂಡ ಇಂಪೆಲ್ಲರಿನ ಸ್ವಭಾವ

ಉದಾಹರಣೆಗೆ ನಿಮಿಷಕ್ಕೆ 1440 ಸುತ್ತು ತಿರುಗುವ ಒಂದು ಫ್ಯಾನನ್ನು ತೆಗೆದುಕೊಳ್ಳೋಣ. ಶಾಫ್ಟಿನ ಕೇಂದ್ರದಿಂದ 400 ಮಿ.ಮೀ. ದೂರದಲ್ಲಿ 100 ಗ್ರಾಂ ಮಸಿ ಅಂಟಿಕೊಂಡಿದೆ ಎಂದರೆ, ಆ ವೇಗದಲ್ಲಿ ಅದು ಉಂಟುಮಾಡುವ ಕೇಂದ್ರಾಪಗಾಮಿ ಬಲ ಸುಮಾರು 910 ನ್ಯೂಟನ್, ಅಂದರೆ 93 ಕಿಲೋ ಭಾರದಷ್ಟು. ಈ ಬಲ ಸೆಕೆಂಡಿಗೆ 24 ಸಲ ದಿಕ್ಕು ಬದಲಿಸುತ್ತ ಶಾಫ್ಟನ್ನು ಎಳೆದಾಡುತ್ತದೆ. ಇಂಪೆಲ್ಲರ್ ಹತ್ತಿರದ ಬೇರಿಂಗ್‌ನಿಂದ 300 ಮಿ.ಮೀ. ಹೊರಗಿದ್ದು, ಎರಡು ಬೇರಿಂಗ್‌ಗಳ ನಡುವಿನ ಅಂತರ 600 ಮಿ.ಮೀ. ಇದ್ದರೆ, ಹತ್ತಿರದ ಬೇರಿಂಗ್ ಮೇಲೆ ಬೀಳುವುದು 910 ಅಲ್ಲ, 1365 ನ್ಯೂಟನ್. ದೂರದ ಬೇರಿಂಗ್ ಮೇಲೆ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ 455 ನ್ಯೂಟನ್. ಚಾಚು ಉದ್ದವಾದಷ್ಟೂ, ಬೇರಿಂಗ್‌ಗಳು ಒಂದಕ್ಕೊಂದು ಸಮೀಪವಾದಷ್ಟೂ ಈ ವರ್ಧನೆ ಹೆಚ್ಚುತ್ತದೆ.

ಆಯ್ಕೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಂಪೆಲ್ಲರಿನ ಒಂದೇ ಜಾಗದಲ್ಲಿ ಹೆಚ್ಚು ತೂಕವಿದ್ದರೂ ಎರಡು ಬೇರಿಂಗ್‌ಗಳು ವಿರುದ್ಧ ದಿಕ್ಕಿನಲ್ಲಿ ಅದುರುವಂತೆ ಕಾಣುತ್ತದೆ, ಫೇಸ್ ಕೋನಗಳ (ಶಾಫ್ಟಿನ ಒಂದು ಗುರುತಿಗೆ ಹೋಲಿಸಿ ಕಂಪನ ಯಾವ ಕೋನದಲ್ಲಿದೆ ಎಂಬುದರ) ನಡುವೆ 180 ಡಿಗ್ರಿಗೆ ಸಮೀಪದ ವ್ಯತ್ಯಾಸ ಬರುತ್ತದೆ. ಅದನ್ನು ನೋಡಿ ಇಂಪೆಲ್ಲರಿನಲ್ಲೇ ಬಲಯುಗ್ಮವಿದೆ (ಎರಡು ಬದಿಗಳಲ್ಲಿ ವಿರುದ್ಧ ದಿಕ್ಕಿಗೆ ಎಳೆಯುವ ಜೋಡಿ ಬಲ), ಟೂ ಪ್ಲೇನ್ ಬ್ಯಾಲೆನ್ಸಿಂಗ್ ಆಗಲೇಬೇಕು ಎಂದು ತೀರ್ಮಾನಿಸುವುದು ಸರಿಯಲ್ಲ. ಅದೇ ರೀತಿ, ಶಾಫ್ಟ್ ಬಾಗಿ ಪೀಠ ಓಲಾಡುವುದರಿಂದ ಶಾಫ್ಟಿನ ಉದ್ದಕ್ಕಿರುವ ದಿಕ್ಕಿನಲ್ಲಿಯೂ, ಅಂದರೆ ಆಕ್ಸಿಯಲ್ ದಿಕ್ಕಿನಲ್ಲಿಯೂ, ಗಣನೀಯ ಕಂಪನ ದಾಖಲಾಗುತ್ತದೆ. ಬೇರೆ ಯಂತ್ರಗಳಲ್ಲಿ ಆಕ್ಸಿಯಲ್ ಕಂಪನ ಕಂಡರೆ ಅಲೈನ್‌ಮೆಂಟ್ (ಶಾಫ್ಟುಗಳ ನೇರ ಜೋಡಣೆ) ಕೆಟ್ಟಿದೆ ಎಂದು ಮೊದಲು ಸಂಶಯಿಸುವುದು ರೂಢಿ. ಓವರ್‌ಹಂಗ್ ಫ್ಯಾನಿನಲ್ಲಿ ಅದು ಶುದ್ಧ ಅಸಮತೋಲನದ ಲಕ್ಷಣವೂ ಆಗಿರಬಹುದು. ಎರಡೂ ಬೇರಿಂಗ್‌ಗಳಲ್ಲಿ ಆಕ್ಸಿಯಲ್ ಫೇಸ್ ಕೋನ ಒಂದೇ ಆಗಿದ್ದರೆ ಅಸಮತೋಲನವೆಂದೂ, ಪರಸ್ಪರ ವಿರುದ್ಧವಾಗಿದ್ದರೆ ಬಾಗಿದ ಶಾಫ್ಟ್ ಅಥವಾ ಅಲೈನ್‌ಮೆಂಟ್ ದೋಷವೆಂದೂ ಮೊದಲ ಅಂದಾಜು ಮಾಡಬಹುದು.

ತೂಕ ಕೂಡಿಸುವ ಮುನ್ನ

ಯಾವ ವಿಧಾನವನ್ನು ಆರಿಸಿದರೂ ಅದಕ್ಕೆ ಮೊದಲು ಇಂಪೆಲ್ಲರನ್ನು ಸ್ವಚ್ಛಗೊಳಿಸಲೇಬೇಕು. ನಮ್ಮ ಕಡೆಯ ಹೊಗೆ ಫ್ಯಾನ್‌ಗಳಲ್ಲಿ ಹೊಟ್ಟಿನ ಬೂದಿ ಮತ್ತು ಸೌದೆಯ ಟಾರು ಸೇರಿ ಬ್ಲೇಡುಗಳ ಹಿಂಬದಿಯಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ. ಗಾಳಿ ನೇರವಾಗಿ ಬಡಿಯುವ ಮುಂಬದಿ ಹೊಳೆಯುತ್ತಿರುವುದರಿಂದ ತಪಾಸಣೆಯ ಬಾಗಿಲಿನಿಂದ ಟಾರ್ಚ್ ಹಾಕಿ ನೋಡಿದವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ; ಕೈಯನ್ನು ಬ್ಲೇಡಿನ ಹಿಂದಕ್ಕೆ ಹಾಕಿ ಬೆರಳಿನಿಂದ ಸವರಿದಾಗ ಮಾತ್ರ ಪದರದ ದಪ್ಪ ಗೊತ್ತಾಗುತ್ತದೆ. ಇಂತಹ ಪದರದ ಮೇಲೆಯೇ ಬ್ಯಾಲೆನ್ಸ್ ಮಾಡಿದರೆ, ಕುಲುಮೆ ತಣ್ಣಗಾಗಿ ಮತ್ತೆ ಕಾದ ದಿನ ಅದರ ಒಂದು ತುಂಡು ಕಳಚಿ ಬಿದ್ದು, ಕೂಡಿಸಿದ ತೂಕವೇ ಹೊಸ ಅಸಮತೋಲನವಾಗುತ್ತದೆ. ಮಳೆಗಾಲವಿಡೀ ನಿಂತಿದ್ದ ಫ್ಯಾನಿನಲ್ಲಿ ಕಣಜದ ಮಣ್ಣಿನ ಗೂಡು, ಕೆಳಬದಿಯ ಬ್ಲೇಡುಗಳಲ್ಲಿ ಏಕಪಕ್ಷೀಯವಾಗಿ ಹಿಡಿದ ತುಕ್ಕು, ಟೊಳ್ಳು ಬ್ಲೇಡುಗಳಾಗಿದ್ದರೆ ವೆಲ್ಡಿಂಗ್ ಬಿರುಕಿನಿಂದ ಒಳಗೆ ಸೇರಿದ ನೀರು, ಇವೆಲ್ಲವನ್ನೂ ನೋಡಬೇಕು. ಸ್ವಚ್ಛತೆಯಿಂದಲೇ ಕಂಪನ ಮಿತಿಯೊಳಗೆ ಬರುವ ಫ್ಯಾನ್‌ಗಳು ಕಡಿಮೆಯೇನಲ್ಲ.

ಅನಂತರ ಬೋಲ್ಟುಗಳು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಧೂಳಿನ ಫ್ಯಾನ್‌ಗಳನ್ನು ಮೇಲಂತಸ್ತಿನ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿರುವುದುಂಟು. ಅಂತಹ ಕಡೆ ಪ್ಲಮ್ಮರ್ ಬ್ಲಾಕಿನ (ಬೇರಿಂಗ್ ಕೂರುವ ಪೆಟ್ಟಿಗೆಯ) ಬೋಲ್ಟು, ಪೀಠದ ಬೋಲ್ಟು, ಚೌಕಟ್ಟಿನ ವೆಲ್ಡಿಂಗ್ ಇವುಗಳಲ್ಲಿ ಒಂದು ಸಡಿಲವಾಗಿದ್ದರೂ ಬ್ಯಾಲೆನ್ಸಿಂಗ್ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಇಷ್ಟು ತೂಕಕ್ಕೆ ಇಷ್ಟು ಕಂಪನ ಎಂಬ ಅನುಪಾತವೇ ಅಲ್ಲಿ ಸ್ಥಿರವಾಗಿರುವುದಿಲ್ಲ. ಬೇರಿಂಗನ್ನು ಶಾಫ್ಟಿಗೆ ಬಿಗಿಯುವ ಅಡಾಪ್ಟರ್ ಸ್ಲೀವ್ ಬಳಿ ಅಥವಾ ಹಬ್ಬಿನ (ಶಾಫ್ಟಿಗೆ ಕೂರುವ ಇಂಪೆಲ್ಲರಿನ ನಡುಭಾಗದ) ಸುತ್ತ ಕೆಂಪು ಪುಡಿ ಕಂಡರೆ ಅಲ್ಲಿ ಲೋಹ ಲೋಹವನ್ನು ಉಜ್ಜುತ್ತಿದೆ, ಹಿಡಿತ ಸಡಿಲವಾಗಿದೆ ಎಂದರ್ಥ. ಸವೆದ ವಿ-ಬೆಲ್ಟು ಉಂಟುಮಾಡುವ ಕಂಪನ ಶಾಫ್ಟಿನ ವೇಗಕ್ಕಿಂತ ಕೆಳಗಿನ ಆವರ್ತನದಲ್ಲಿರುತ್ತದೆ. ಸಾದಾ ಮಾಪಕ ಅದನ್ನು ಬೇರ್ಪಡಿಸಿ ತೋರಿಸದೆ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಪೂರ್ಣ ವೇಗದಲ್ಲಿ ತಿರುಗುತ್ತಿರುವ ಫ್ಯಾನಿನ ಸ್ವಿಚ್ ಆರಿಸಿ, ಅದು ನಿಧಾನಿಸುವಾಗ ಮಾಪಕವನ್ನು ನೋಡುತ್ತಿರಬೇಕು. ವೇಗ ಸ್ವಲ್ಪವೇ ಇಳಿಯುತ್ತಿದ್ದಂತೆ ಕಂಪನ ಥಟ್ಟನೆ ಅರ್ಧಕ್ಕೆ ಇಳಿದರೆ, ಅಥವಾ ನಡುವೆ ಒಂದು ವೇಗದಲ್ಲಿ ಹಠಾತ್ತನೆ ಏರಿ ಇಳಿದರೆ, ಪೀಠದ ಸಹಜ ಆವರ್ತನ (ಅದು ತಾನಾಗಿ ಅದುರುವ ವೇಗ) ಫ್ಯಾನಿನ ವೇಗದ ಆಸುಪಾಸಿನಲ್ಲಿದೆ ಎಂದು ತಿಳಿಯಬೇಕು. ಆಗ ಬ್ಯಾಲೆನ್ಸಿಂಗ್ ಒಂದು ಮಟ್ಟಿಗೆ ನೆರವಾದರೂ ಶಾಶ್ವತ ಪರಿಹಾರ ಪೀಠವನ್ನು ಬಲಪಡಿಸುವುದು ಅಥವಾ ಪುಲ್ಲಿ ಬದಲಿಸಿ ವೇಗವನ್ನು ಸರಿಸುವುದು.

ಸಿಂಗಲ್ ಪ್ಲೇನ್, ಇದ್ದಲ್ಲಿಯೇ

ಸ್ವಚ್ಛಗೊಳಿಸಿ, ಬಿಗಿಗೊಳಿಸಿದ ಮೇಲೂ ಕಂಪನ ಉಳಿದಿದ್ದರೆ, ಕೊಡಗಿನ ಬಹುತೇಕ ಘಟಕಗಳಿಗೆ ನಾನು ಮೊದಲು ಸೂಚಿಸುವುದು ಫೇಸ್ ಕೋನ ತೋರಿಸುವ ಉಪಕರಣದೊಂದಿಗೆ ಇದ್ದಲ್ಲಿಯೇ ಮಾಡುವ ಸಿಂಗಲ್ ಪ್ಲೇನ್ ಬ್ಯಾಲೆನ್ಸಿಂಗನ್ನು. ಶಾಫ್ಟಿಗೆ ಪ್ರತಿಫಲಿಸುವ ಟೇಪಿನ ಒಂದು ಚೂರು ಅಂಟಿಸಿ, ಲೇಸರ್ ಟ್ಯಾಕೋಮೀಟರ್ ನಿಲ್ಲಿಸಿ, ಇಂಪೆಲ್ಲರಿನ ಹತ್ತಿರದ ಬೇರಿಂಗ್ ಮೇಲೆ ಸಂವೇದಕವನ್ನು ಕೂರಿಸಿದರೆ, ಕಂಪನ ಎಷ್ಟು ಎಂಬುದರ ಜತೆಗೆ ಯಾವ ಕೋನದಲ್ಲಿ ಎಂಬುದೂ ತಿಳಿಯುತ್ತದೆ. ಮೊದಲ ಓಟ, ಪ್ರಯೋಗದ ತೂಕದೊಂದಿಗೆ ಎರಡನೆಯ ಓಟ, ಅಂತಿಮ ತೂಕದೊಂದಿಗೆ ಮೂರನೆಯ ಓಟ. ಅಗತ್ಯವಾದರೆ ಇನ್ನೊಂದು ಸಣ್ಣ ತಿದ್ದುಪಡಿ. ಮೂರು–ನಾಲ್ಕು ಸ್ಟಾರ್ಟ್‌ಗಳಲ್ಲಿ ಕೆಲಸ ಮುಗಿಯುತ್ತದೆ.

ಲೆಕ್ಕ ನಡೆಯುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡಿದರೆ ಉಪಕರಣ ಹೇಳುವ ಉತ್ತರವನ್ನು ಪರೀಕ್ಷಿಸುವ ಧೈರ್ಯ ಬರುತ್ತದೆ. ರೋಟರ್ (ಇಂಪೆಲ್ಲರ್ ಮತ್ತು ಶಾಫ್ಟ್ ಸೇರಿ) 120 ಕಿಲೋ ಇರುವ, 1440 ವೇಗದ ಫ್ಯಾನ್ ಎಂದಿಟ್ಟುಕೊಳ್ಳೋಣ. ಪ್ರಯೋಗದ ತೂಕ ಉಂಟುಮಾಡುವ ಬಲ ರೋಟರಿನ ಭಾರದ ಹತ್ತನೆಯ ಒಂದು ಭಾಗದಷ್ಟಿರಲಿ ಎಂಬುದು ಸಾಮಾನ್ಯ ಸೂತ್ರ. ಅದರಂತೆ 400 ಮಿ.ಮೀ. ದೂರದಲ್ಲಿ ಸುಮಾರು 13 ಗ್ರಾಂ ಆಗುತ್ತದೆ. ಗಟ್ಟಿಯಾದ ಪೀಠವಿದ್ದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣಲೆಂದು 20 ಗ್ರಾಂ ತೆಗೆದುಕೊಳ್ಳಬಹುದು. ಮೊದಲ ಓಟದಲ್ಲಿ ಕಂಪನದ ವೇಗ 8.0 ಮಿ.ಮೀ./ಸೆಕೆಂಡ್, 60 ಡಿಗ್ರಿ. 20 ಗ್ರಾಂ ಹಾಕಿದಾಗ 6.1 ಮಿ.ಮೀ./ಸೆಕೆಂಡ್, 97 ಡಿಗ್ರಿ ಬಂತು. ಕಂಪನ ಇಳಿದದ್ದು ಬರೀ 1.9 ಎಂದು ಕಂಡರೂ, ಎರಡನ್ನೂ ಸದಿಶಗಳಾಗಿ (ಉದ್ದ ಮತ್ತು ದಿಕ್ಕಿರುವ ಬಾಣಗಳಾಗಿ) ಕಾಗದದ ಮೇಲೆ ಬರೆದು ಅವುಗಳ ತುದಿಗಳನ್ನು ಸೇರಿಸಿದರೆ 20 ಗ್ರಾಂ ತೂಕದ ನಿಜವಾದ ಪರಿಣಾಮ 4.8 ಮಿ.ಮೀ./ಸೆಕೆಂಡ್, 190 ಡಿಗ್ರಿ ದಿಕ್ಕಿನಲ್ಲಿ ಎಂದು ತಿಳಿಯುತ್ತದೆ. ಮೂಲ ಕಂಪನವನ್ನು ಪೂರ್ತಿ ಅಳಿಸಲು ಬೇಕಾದುದು 8.0 ಪರಿಣಾಮ, ಮೂಲಕ್ಕೆ ನೇರ ವಿರುದ್ಧವಾದ 240 ಡಿಗ್ರಿ ದಿಕ್ಕಿನಲ್ಲಿ. ಆದ್ದರಿಂದ ತೂಕ 20 × 8.0 ÷ 4.82, ಅಂದರೆ ಸುಮಾರು 33 ಗ್ರಾಂ. ಜಾಗ ಪ್ರಯೋಗದ ತೂಕವಿದ್ದ ಸ್ಥಳದಿಂದ 50 ಡಿಗ್ರಿ ಆಚೆ.

ಆ 50 ಡಿಗ್ರಿಯನ್ನು ಯಾವ ಕಡೆಗೆ ಅಳೆಯಬೇಕು ಎಂಬಲ್ಲಿ ಬಹಳ ಎಚ್ಚರ ಬೇಕು. ಉಪಕರಣವು ಕೋನವನ್ನು ತಿರುಗುವ ದಿಕ್ಕಿನಲ್ಲಿ ಎಣಿಸುತ್ತದೆಯೋ ಅದಕ್ಕೆ ವಿರುದ್ಧವಾಗಿ ಎಣಿಸುತ್ತದೆಯೋ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಅದನ್ನು ಓದದೆ ಹಾಕಿದ ತೂಕ 100 ಡಿಗ್ರಿ ತಪ್ಪಿ ಬಿದ್ದು ಕಂಪನ ಇಳಿಯುವ ಬದಲು ಏರುತ್ತದೆ. ಎರಡನೆಯ ಎಚ್ಚರ, ಈ 33 ಗ್ರಾಂ ಪ್ರಯೋಗದ ತೂಕವನ್ನು ತೆಗೆದ ಮೇಲಿನ ಲೆಕ್ಕ. ಮೂರನೆಯದು, ಲೆಕ್ಕ ಹೇಳಿದ ಜಾಗದಲ್ಲಿ ಬ್ಲೇಡ್ ಇಲ್ಲದಿದ್ದರೆ ತೂಕವನ್ನು ಹಂಚಬೇಕು. 36 ಡಿಗ್ರಿಗೊಂದರಂತೆ 10 ಬ್ಲೇಡುಗಳಿದ್ದು, ಪ್ರಯೋಗದ ತೂಕವನ್ನು ಒಂದು ಬ್ಲೇಡಿನ ಮೇಲೆಯೇ ಇಟ್ಟಿದ್ದರೆ, ಮುಂದಿನ ಬ್ಲೇಡಿಗೆ 21 ಗ್ರಾಂ, ಅದರಾಚೆಯದಕ್ಕೆ 14 ಗ್ರಾಂ ಹಾಕಿದರೆ ಒಟ್ಟು ಪರಿಣಾಮ 50 ಡಿಗ್ರಿಯಲ್ಲಿ 33 ಗ್ರಾಂ ಹಾಕಿದಂತೆಯೇ ಆಗುತ್ತದೆ. ಒಟ್ಟು 35 ಆಯಿತಲ್ಲ ಎಂದು ಗಾಬರಿಯಾಗಬೇಕಿಲ್ಲ, ಎರಡು ದಿಕ್ಕುಗಳಿಗೆ ಹಂಚುವಾಗ ಅಷ್ಟು ಹೆಚ್ಚುವರಿ ಬೇಕಾಗುತ್ತದೆ.

ತೂಕವನ್ನು ವೆಲ್ಡ್ ಮಾಡುವಾಗ ಕರಗಿ ಸೇರುವ ರಾಡಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದ ಕಬ್ಬಿಣದ ಪಟ್ಟಿಯನ್ನು ಎರಡು–ಮೂರು ಗ್ರಾಂ ಕಡಿಮೆ ಕತ್ತರಿಸುವುದು ಒಳ್ಳೆಯದು. ವೆಲ್ಡಿಂಗ್ ಯಂತ್ರದ ಅರ್ಥಿಂಗ್ ಕ್ಲ್ಯಾಂಪನ್ನು ಇಂಪೆಲ್ಲರಿಗೇ ಹಾಕಬೇಕು. ಅದನ್ನು ಪೀಠಕ್ಕೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಗುಂಡುಗಳ ಮೇಲೆ ಸುಟ್ಟ ಕಲೆಗಳನ್ನು ಬಿಡುತ್ತದೆ, ಬ್ಯಾಲೆನ್ಸ್ ಸರಿಯಾದ ಫ್ಯಾನಿನ ಬೇರಿಂಗ್ ಕೆಲವೇ ವಾರಗಳಲ್ಲಿ ಸದ್ದು ಮಾಡತೊಡಗುತ್ತದೆ. ಕಾಫಿ ಹೊಟ್ಟಿನ ಧೂಳು ತುಂಬಿದ ಡಕ್ಟುಗಳ ಬಳಿ ವೆಲ್ಡಿಂಗ್ ಕಿಡಿ ಬೀಳುವುದು ಬೆಂಕಿಗೆ ನೇರ ಆಹ್ವಾನ. ಡಕ್ಟನ್ನು ಶುಚಿಗೊಳಿಸಿ, ನೀರು ಮತ್ತು ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಒಬ್ಬರು ಅಲ್ಲಿಯೇ ನಿಂತು ನೋಡಬೇಕು. ಪ್ರತಿ ಸಲ ಇಂಪೆಲ್ಲರ್ ಮುಟ್ಟುವ ಮುನ್ನ ಮೋಟಾರಿನ ಫ್ಯೂಸು ಕಿತ್ತು, ಸ್ವಿಚ್ಚಿಗೆ ಬೀಗ ಹಾಕಿ, ಚಿಮಣಿಯ ಎಳೆತಕ್ಕೆ ತಾನಾಗಿ ತಿರುಗದಂತೆ ಇಂಪೆಲ್ಲರನ್ನು ಕಟ್ಟಬೇಕು. ಪ್ರಯೋಗದ ತೂಕದೊಂದಿಗೆ ಸ್ಟಾರ್ಟ್ ಮಾಡುವಾಗ ಯಾರೂ ಇಂಪೆಲ್ಲರ್ ತಿರುಗುವ ನೇರದಲ್ಲಿ ನಿಲ್ಲಬಾರದು.

ಈ ವಿಧಾನದ ಅತಿ ದೊಡ್ಡ ಗುಣ, ಫ್ಯಾನ್ ನಿಜವಾಗಿ ಕೆಲಸ ಮಾಡುವ ಸ್ಥಿತಿಯಲ್ಲಿಯೇ ಅದನ್ನು ಸರಿಪಡಿಸುತ್ತದೆ ಎಂಬುದು. ಪುಲ್ಲಿಯ ಅಸಮತೋಲನ, ಕೀಲಿಯ (ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡಿನ) ತೂಕ, ಹಬ್ ಕೂತ ರೀತಿ, ಎಲ್ಲದರ ಒಟ್ಟು ಪರಿಣಾಮಕ್ಕೆ ಅದು ಉತ್ತರ ಕೊಡುತ್ತದೆ. ಬಿಸಿ ಹೊಗೆಯ ಫ್ಯಾನನ್ನು ಕುಲುಮೆ ಕಾದ ಮೇಲೆ ಅಳೆಯಬೇಕು. ತಣ್ಣಗಿರುವಾಗ ಚೆನ್ನಾಗಿದ್ದದ್ದು ಕಾದಾಗ ಬದಲಾಗಬಹುದು. ಬಿಸಿಯಲ್ಲಿದ್ದ ಫ್ಯಾನನ್ನು ಏಕಾಏಕಿ ನಿಲ್ಲಿಸಿದರೆ ಶಾಫ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಹೆಚ್ಚು ಬಿಸಿಯಾಗಿ ಉಳಿದು ಅದು ತಾತ್ಕಾಲಿಕವಾಗಿ ಬಾಗುತ್ತದೆ. ಆ ಸ್ಥಿತಿಯಲ್ಲಿ ಮರುಸ್ಟಾರ್ಟ್ ಮಾಡಿ ತೆಗೆದುಕೊಂಡ ಅಳತೆಯನ್ನು ನಂಬಬಾರದು.

ಫೇಸ್ ಕೋನವಿಲ್ಲದಾಗ: ನಾಲ್ಕು ಓಟ

ಹಲವು ತೋಟಗಳಲ್ಲಿ ಇರುವುದು ಕಂಪನದ ಪ್ರಮಾಣವನ್ನಷ್ಟೇ ತೋರಿಸುವ ಪೆನ್ನಿನಾಕಾರದ ಮಾಪಕ. ಅದರಿಂದಲೂ ಬ್ಯಾಲೆನ್ಸ್ ಮಾಡಲು ಸಾಧ್ಯ. ಮೊದಲು ತೂಕವಿಲ್ಲದೆ ಒಂದು ಓಟ. ನಂತರ ಒಂದೇ ಪ್ರಯೋಗದ ತೂಕವನ್ನು 0, 120, 240 ಡಿಗ್ರಿಗಳಲ್ಲಿ ಒಂದೊಂದು ಸಲ ಇಟ್ಟು ಮೂರು ಓಟ. ಕಾಗದದ ಮೇಲೆ ಮೂಲ ಕಂಪನದಷ್ಟು ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ ಆ ಮೂರು ಕೋನಗಳಲ್ಲಿ ಬಿಂದುಗಳನ್ನು ಗುರುತಿಸಿ, ಪ್ರತಿ ಬಿಂದುವಿನಿಂದ ಆಯಾ ಓಟದ ಕಂಪನದಷ್ಟು ತ್ರಿಜ್ಯದ ವೃತ್ತ ಎಳೆದರೆ ಮೂರೂ ಒಂದು ಕಡೆ ಸಂಧಿಸುತ್ತವೆ. ಕೇಂದ್ರದಿಂದ ಆ ಸಂಧಿಯತ್ತ ಎಳೆದ ಗೆರೆಯ ದಿಕ್ಕಿನಲ್ಲಿಯೇ ಅಂತಿಮ ತೂಕ ಕೂರಬೇಕು. ಪ್ರಯೋಗದ ತೂಕವನ್ನು ಮೂಲ ಕಂಪನದಿಂದ ಗುಣಿಸಿ ಆ ಗೆರೆಯ ಉದ್ದದಿಂದ ಭಾಗಿಸಿದರೆ ಎಷ್ಟು ತೂಕ ಎಂಬುದು ಸಿಗುತ್ತದೆ. ಮೂರು ವೃತ್ತಗಳು ಒಂದೇ ಕಡೆ ಸಂಧಿಸದೆ ದೊಡ್ಡ ತ್ರಿಕೋನ ಉಳಿದರೆ ಅಳತೆ ಸ್ಥಿರವಾಗಿಲ್ಲ, ಎಲ್ಲೋ ಸಡಿಲವಿದೆ ಅಥವಾ ಬೆಲ್ಟಿನ ಕಂಪನ ಬೆರೆತಿದೆ ಎಂದು ಅರ್ಥ. ದೋಷವನ್ನು ತಾನೇ ತೋರಿಸಿಕೊಡುವ ಈ ಗುಣಕ್ಕಾಗಿ ನನಗೆ ಈ ವಿಧಾನದ ಮೇಲೆ ಗೌರವವಿದೆ.

ಆದರೆ ಇದಕ್ಕೆ ಕನಿಷ್ಠ ಐದು ಸ್ಟಾರ್ಟ್‌ಗಳು ಬೇಕು. ಫ್ಯಾನಿನ ಜಡತ್ವ ಹೆಚ್ಚು, ಪೂರ್ಣ ವೇಗಕ್ಕೆ ಬರಲು ಸಮಯ ಹಿಡಿಯುತ್ತದೆ, ಅಷ್ಟು ಹೊತ್ತೂ ಮೋಟಾರಿನ ವೈಂಡಿಂಗ್ ಹಲವು ಪಟ್ಟು ಕರೆಂಟನ್ನು ಎಳೆದು ಕಾಯುತ್ತದೆ. ತಣ್ಣಗಿರುವ ಮೋಟಾರನ್ನು ಬೆನ್ನುಬೆನ್ನಿಗೆ ಎರಡು ಸಲ, ಬಿಸಿಯಾಗಿರುವುದನ್ನು ಒಂದು ಸಲ ಮಾತ್ರ ಸ್ಟಾರ್ಟ್ ಮಾಡಿ ಆಮೇಲೆ ತಣಿಯಲು ಬಿಡುವುದು ವಾಡಿಕೆಯ ಮಿತಿ. ತೋಟದ ಲೈನುಗಳ ತುದಿಯಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಇಳಿದಿದ್ದರೆ ಸ್ಟಾರ್ಟಿಂಗ್ ಸಮಯ ಇನ್ನೂ ಉದ್ದವಾಗುತ್ತದೆ. ಹಾಗಾಗಿ ಈ ವಿಧಾನವನ್ನು ಸಣ್ಣ ಮೋಟಾರುಗಳಿಗೆ, ವೋಲ್ಟೇಜ್ ಚೆನ್ನಾಗಿರುವ ಹಗಲಿನಲ್ಲಿ, ಡ್ರೈಯರಿನಲ್ಲಿ ಅರ್ಧ ಒಣಗಿದ ಪಾರ್ಚ್‌ಮೆಂಟ್ ಕಾಫಿ ಇಲ್ಲದ ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ಟೂ ಪ್ಲೇನ್ ಯಾವಾಗ?

ಇಂಪೆಲ್ಲರ್ ವ್ಯಾಸಕ್ಕೆ ಹೋಲಿಸಿದರೆ ಕಿರಿದಾಗಿದ್ದಾಗ ಒಂದು ಪ್ಲೇನ್ ಸಾಕಾಗುತ್ತದೆ. ಬಿಸಿಗಾಳಿ ಬ್ಲೋವರುಗಳಲ್ಲಿ ಇರುವಂತೆ ಅಗಲವಾದ, ಮುಂಬಾಗಿದ ಬ್ಲೇಡುಗಳ ಇಂಪೆಲ್ಲರಿನಲ್ಲಿ ಹಿಂಬದಿಯ ತಟ್ಟೆಯ ಮೇಲೂ ಮುಂಬದಿಯ ಉಂಗುರದ ಮೇಲೂ ಬೇರೆ ಬೇರೆ ಕೋನಗಳಲ್ಲಿ ತೂಕ ಹೆಚ್ಚಿರಬಹುದು. ಅದು ನಿಜವಾದ ಬಲಯುಗ್ಮ. ಆದರೂ ನೇರವಾಗಿ ಟೂ ಪ್ಲೇನಿಗೆ ಹೋಗುವುದಕ್ಕಿಂತ, ಮೊದಲು ಇಂಪೆಲ್ಲರಿನ ಗುರುತ್ವ ಕೇಂದ್ರಕ್ಕೆ ಸಮೀಪದ ಪ್ಲೇನಿನಲ್ಲಿ, ಹತ್ತಿರದ ಬೇರಿಂಗ್ ಅಳತೆ ನೋಡಿ ಸಿಂಗಲ್ ಪ್ಲೇನ್ ತಿದ್ದುಪಡಿ ಮಾಡಿ, ದೂರದ ಬೇರಿಂಗಿನ ಕಂಪನ ಆಮೇಲೂ ಮಿತಿ ಮೀರಿದ್ದರೆ ಮಾತ್ರ ಎರಡನೆಯ ಹಂತಕ್ಕೆ ಹೋಗುವುದು ಉತ್ತಮ. ಆ ಹಂತದಲ್ಲಿ ಇಂಪೆಲ್ಲರಿನ ಎರಡು ಬದಿಗಳಲ್ಲಿ ಸಮಾನ ತೂಕದ ಎರಡು ತುಂಡುಗಳನ್ನು 180 ಡಿಗ್ರಿ ಅಂತರದಲ್ಲಿ ಹಾಕಿ, ಈ ಸಲ ದೂರದ ಬೇರಿಂಗಿನ ಅಳತೆಯನ್ನು ನೋಡುತ್ತಾರೆ. ಸಮಾನ ಮತ್ತು ವಿರುದ್ಧವಾದುದರಿಂದ ಮೊದಲು ಸಾಧಿಸಿದ ಸಮತೋಲ ಹೆಚ್ಚಾಗಿ ಕೆಡುವುದಿಲ್ಲ. ಎರಡೂ ಪ್ಲೇನ್‌ಗಳನ್ನು ಒಟ್ಟಿಗೆ ಬಿಡಿಸುವ ಉಪಕರಣಗಳಿವೆ ನಿಜ. ಓವರ್‌ಹಂಗ್ ರೋಟರಿನಲ್ಲಿ ಎರಡು ಪ್ಲೇನ್‌ಗಳು ಬಲು ಸಮೀಪವಿರುವುದರಿಂದ ಅಳತೆಯ ಸಣ್ಣ ತಪ್ಪೂ ಬೃಹತ್ತಾದ ತೂಕಗಳನ್ನು ಸೂಚಿಸಿಬಿಡುತ್ತದೆ. ಉಪಕರಣ ಎರಡು ಬದಿಗೂ ನೂರಾರು ಗ್ರಾಂ ಹಾಕಲು ಹೇಳಿದರೆ ಹಾಕದೆ ನಿಲ್ಲಿಸಿ, ಅಳತೆಗಳನ್ನು ಮತ್ತೆ ತೆಗೆದುಕೊಳ್ಳಬೇಕು.

ಕೈಯಿಂದ ತಿರುಗಿಸಿ ನೋಡುವುದು

ಬೆಲ್ಟು ಕಳಚಿ, ಇಂಪೆಲ್ಲರನ್ನು ಮೆಲ್ಲನೆ ತಿರುಗಿಸಿ ಬಿಟ್ಟು, ಪ್ರತಿಸಲ ಒಂದೇ ಬದಿ ಕೆಳಗೆ ಬಂದು ನಿಲ್ಲುತ್ತದೆಯೇ ಎಂದು ನೋಡುವುದು ಹಳೆಯ ಫಿಟ್ಟರುಗಳ ಪದ್ಧತಿ. ಬ್ಲೇಡ್ ಬದಲಿಸಿದ ಮೇಲೆ, ತೇಪೆ ಹಾಕಿದ ಮೇಲೆ ಉಳಿದ ದೊಡ್ಡ ವ್ಯತ್ಯಾಸವನ್ನು ಹೀಗೆ ತಗ್ಗಿಸಿ, ಆಮೇಲೆ ಸುರಕ್ಷಿತವಾಗಿ ಮೊದಲ ಓಟಕ್ಕೆ ಹೋಗಬಹುದು. ಗ್ರೀಸ್ ತುಂಬಿದ ಬೇರಿಂಗಿನ ಘರ್ಷಣೆ ಸಣ್ಣ ತೂಕಗಳನ್ನು ಮುಚ್ಚಿಡುವುದರಿಂದ ಇದೊಂದನ್ನೇ ಅಂತಿಮವೆಂದು ಒಪ್ಪಲಾಗದು.

ವರ್ಕ್‌ಶಾಪಿನ ಯಂತ್ರಕ್ಕೆ ಕಳುಹಿಸುವುದು

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಬಿಚ್ಚುವುದು, ಸಾಗಿಸುವುದು, ಸರದಿ ಕಾಯುವುದು, ಮರಳಿ ಜೋಡಿಸುವುದು ಸೇರಿದರೆ ಸೀಸನ್ನಿನ ನಡುವೆ ಇದು ದುಬಾರಿ ಆಯ್ಕೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನು 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆಯ ಹೆದ್ದಾರಿ ಕುಸಿದಾಗ ಎಲ್ಲರೂ ಕಂಡಿದ್ದೇವೆ. ಹಾಗಿದ್ದೂ ಕೆಲವು ಸಂದರ್ಭಗಳಲ್ಲಿ ವರ್ಕ್‌ಶಾಪೇ ಸರಿಯಾದ ದಾರಿ: ಹೊಸ ಇಂಪೆಲ್ಲರ್ ಬಂದಾಗ, ಬ್ಲೇಡುಗಳ ಅರ್ಧಕ್ಕೂ ಹೆಚ್ಚು ಭಾಗವನ್ನು ಹೊಸದಾಗಿ ವೆಲ್ಡ್ ಮಾಡಿದಾಗ, ಹಬ್ಬಿನಲ್ಲಿ ಬಿರುಕು ಕಂಡು ಹೇಗೂ ಬಿಚ್ಚಬೇಕಾದಾಗ, ಕಂಪನ ಎಷ್ಟಿದೆಯೆಂದರೆ ಒಂದು ಓಟವೂ ಅಪಾಯಕರ ಎನ್ನಿಸಿದಾಗ.

ಕಳುಹಿಸುವುದಾದರೆ ಇಂಪೆಲ್ಲರನ್ನು ಒಂಟಿಯಾಗಿ ಕಳುಹಿಸಬಾರದು. ಅದರದೇ ಶಾಫ್ಟ್, ಕೀಲಿ, ಸಾಧ್ಯವಾದರೆ ಪುಲ್ಲಿಯೊಂದಿಗೇ ಕಳುಹಿಸಬೇಕು. ಕಾರಣ ಸ್ಪಷ್ಟವಿದೆ. ಐಎಸ್ಓ 21940-11 ಮಾನಕದಲ್ಲಿ ಫ್ಯಾನ್‌ಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಬ್ಯಾಲೆನ್ಸ್ ಗುಣಮಟ್ಟದ ದರ್ಜೆ ಜಿ 6.3. 1440 ವೇಗದಲ್ಲಿ ಅದು ಅನುಮತಿಸುವುದು ಗುರುತ್ವ ಕೇಂದ್ರ ಶಾಫ್ಟಿನ ಅಕ್ಷದಿಂದ 42 ಮೈಕ್ರಾನ್ ಸರಿದಿರುವುದನ್ನು ಮಾತ್ರ. ನಮ್ಮ 120 ಕಿಲೋ ರೋಟರಿಗೆ ಅದು 400 ಮಿ.ಮೀ. ದೂರದಲ್ಲಿ ಸುಮಾರು 12.5 ಗ್ರಾಂ. ವರ್ಕ್‌ಶಾಪಿನ ಮ್ಯಾಂಡ್ರೆಲ್ (ಬದಲಿ ಶಾಫ್ಟ್) ಮೇಲೆ ನಿಖರವಾಗಿ ಬ್ಯಾಲೆನ್ಸ್ ಆದ ಇಂಪೆಲ್ಲರ್, ಘಟಕದ ಸವೆದ ಶಾಫ್ಟಿನ ಮೇಲೆ 0.04 ಮಿ.ಮೀ. ಪಕ್ಕಕ್ಕೆ ಸರಿದು ಕೂತರೂ ಆ ಇಡೀ ಅನುಮತಿ ಮುಗಿದುಹೋಗುತ್ತದೆ. ಬ್ಯಾಲೆನ್ಸ್ ಆಗಿ ಬಂದದ್ದು ಇಲ್ಲಿ ಹಾಕಿದರೆ ಮತ್ತೆ ಅದುರುತ್ತದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಓವರ್‌ಹಂಗ್ ರೋಟರನ್ನು ಶಾಫ್ಟ್ ಸಮೇತ ಯಂತ್ರಕ್ಕೇರಿಸಿದಾಗ ದೂರದ ತುದಿ ಮೇಲೇಳದಂತೆ ಒತ್ತಿ ಹಿಡಿಯುವ ರೋಲರ್ ಬೇಕಾಗುತ್ತದೆ. ಅದು ಅವರಲ್ಲಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಬೇಕು. ಬ್ಯಾಲೆನ್ಸ್ ಮಾಡುವಾಗ ಬಳಸಿದ್ದು ಪೂರ್ಣ ಕೀಲಿಯೋ ಅರ್ಧ ಕೀಲಿಯೋ ಎಂಬುದೂ ವರದಿಯಲ್ಲಿ ಬರೆದಿರಬೇಕು.

ಆಯ್ಕೆ

ಸೀಸನ್ನಿನ ನಡುವೆ, ಮೊನ್ನೆಯವರೆಗೆ ಚೆನ್ನಾಗಿದ್ದ ಫ್ಯಾನ್ ಕ್ರಮೇಣ ಅದುರತೊಡಗಿದರೆ ಕಾರಣ ಹೆಚ್ಚಾಗಿ ಅಂಟಿದ ಪದರ ಅಥವಾ ಸವೆತ. ಸ್ವಚ್ಛಗೊಳಿಸಿ, ಉಳಿದದ್ದನ್ನು ಇದ್ದಲ್ಲಿಯೇ ಸಿಂಗಲ್ ಪ್ಲೇನಿನಲ್ಲಿ ತಿದ್ದಬೇಕು. ಒಮ್ಮೆಲೇ ಏರಿದ ಕಂಪನಕ್ಕೆ ಬ್ಯಾಲೆನ್ಸಿಂಗ್ ಉತ್ತರವಲ್ಲ; ಪದರ ಕಳಚಿದೆಯೇ, ಬ್ಲೇಡ್ ಒಡೆದಿದೆಯೇ, ಹಬ್ ಸಡಿಲಾಗಿದೆಯೇ ಎಂದು ನಿಲ್ಲಿಸಿ ನೋಡುವುದು ಉತ್ತರ. ಹೊರಗಿನವರು ಬರಲು ದಿನಗಳು ಹಿಡಿಯುವ ದೂರದ ತೋಟದಲ್ಲಿ, ಸಣ್ಣ ಮೋಟಾರಿನ ಫ್ಯಾನಿಗೆ ನಾಲ್ಕು ಓಟದ ವಿಧಾನವನ್ನು ಅಲ್ಲಿಯ ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಸೇರಿ ಮಾಡಿ ಮುಗಿಸಬಹುದು. ವರ್ಕ್‌ಶಾಪಿನ ಕೆಲಸವನ್ನು ಏಪ್ರಿಲ್–ಮೇ ತಿಂಗಳುಗಳಿಗೆ, ಅಂದರೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನದ ಬಿಡುವಿಗೆ ಇಟ್ಟುಕೊಳ್ಳಬೇಕು.

ಎಷ್ಟಕ್ಕೆ ನಿಲ್ಲಿಸಬಹುದು ಎಂಬುದಕ್ಕೆ ಫ್ಯಾನ್‌ಗಳಿಗೆಂದೇ ಇರುವ ಐಎಸ್ಓ 14694 ಮಾನಕ ನೆರವಾಗುತ್ತದೆ. ಕೈಗಾರಿಕಾ ಬಳಕೆಯ ಬಿವಿ-3 ವರ್ಗದ ಫ್ಯಾನ್ ಗಟ್ಟಿ ಪೀಠದ ಮೇಲಿದ್ದರೆ, ಹೊಸದಾಗಿ ಚಾಲನೆಗೊಳಿಸುವಾಗ 4.5 ಮಿ.ಮೀ./ಸೆಕೆಂಡ್ ಆರ್‌ಎಂಎಸ್ (ಕಂಪನದ ಒಂದು ಬಗೆಯ ಸರಾಸರಿ) ಒಳಗಿರಬೇಕು, 7.1ಕ್ಕೆ ಎಚ್ಚರಿಕೆ, 9.0ಕ್ಕೆ ನಿಲುಗಡೆ. ಕಬ್ಬಿಣದ ಚೌಕಟ್ಟಿನಂತಹ ಮೆತುವಾದ ಆಧಾರಕ್ಕೆ ಮಿತಿಗಳು ಇದಕ್ಕಿಂತ ಸಡಿಲ. ಹಳೆಯ ಫ್ಯಾನನ್ನು 3ರ ಆಸುಪಾಸಿಗೆ ತಂದ ಮೇಲೆ ಇನ್ನೂ ಇಳಿಸಲೆಂದು ಸ್ಟಾರ್ಟ್‌ಗಳನ್ನು ವ್ಯಯಿಸುವುದು ನನಗೆ ಸರಿಕಾಣುವುದಿಲ್ಲ.

ಒಮ್ಮೆ ಇದ್ದಲ್ಲಿಯೇ ಬ್ಯಾಲೆನ್ಸ್ ಮಾಡಿಸಿದವರು ಬಂದವರಿಂದ ಬರೀ ಕೊನೆಯ ಅಂಕಿಯನ್ನಲ್ಲ, ಪೂರ್ತಿ ಲೆಕ್ಕವನ್ನು ಬರೆಸಿಕೊಳ್ಳಬೇಕು: ಟೇಪು ಅಂಟಿಸಿದ ಜಾಗ, ಟ್ಯಾಕೋಮೀಟರ್ ಮತ್ತು ಸಂವೇದಕ ನಿಲ್ಲಿಸಿದ ಸ್ಥಾನ, ಕೋನ ಎಣಿಸಿದ ದಿಕ್ಕು, ಪ್ರಯೋಗದ ತೂಕ ಮತ್ತು ಅದರ ತ್ರಿಜ್ಯ, ಮೂರೂ ಓಟಗಳ ಪ್ರಮಾಣ ಮತ್ತು ಕೋನ, ಆ ದಿನದ ವೇಗ. ಮೇಲಿನ ಉದಾಹರಣೆಯ ಫ್ಯಾನಿಗೆ, 20 ಗ್ರಾಂ ಹಾಕಿದರೆ 4.8 ಮಿ.ಮೀ./ಸೆಕೆಂಡ್ ಪರಿಣಾಮ, ಇಂತಹ ಕೋನದಲ್ಲಿ ಎಂಬ ಒಂದು ಸಾಲು ರಿಜಿಸ್ಟರಿನಲ್ಲಿ ಇದ್ದರೆ, ಪೀಠ, ಬೇರಿಂಗ್ ಮತ್ತು ವೇಗ ಬದಲಾಗದಿರುವವರೆಗೆ ಮುಂದಿನ ಸಲ ಪ್ರಯೋಗದ ಓಟವೇ ಬೇಕಾಗುವುದಿಲ್ಲ. ಅದೇ ಸ್ಥಾನಗಳಲ್ಲಿ ಒಮ್ಮೆ ಅಳೆದು, ತೂಕವನ್ನು ಲೆಕ್ಕ ಮಾಡಿ, ಕೂಡಿಸಿ, ಎರಡನೆಯ ಸ್ಟಾರ್ಟಿಗೇ ಫ್ಯಾನನ್ನು ಕೆಲಸಕ್ಕೆ ಬಿಡಬಹುದು. ಟೇಪು ಅಂಟಿಸುವ ಜಾಗವನ್ನು ಶಾಫ್ಟಿನ ಮೇಲೆ ಸೆಂಟರ್ ಪಂಚಿನಿಂದಲೂ, ಬ್ಲೇಡುಗಳ ಕ್ರಮಸಂಖ್ಯೆಯನ್ನು ಹಿಂಬದಿಯ ತಟ್ಟೆಯ ಮೇಲೆ ವೆಲ್ಡಿಂಗ್ ಚುಕ್ಕೆಯಿಂದಲೂ ಗುರುತು ಮಾಡಿರಬೇಕು, ಏಕೆಂದರೆ ಬಣ್ಣದ ಗುರುತು ಹೊಗೆ ಫ್ಯಾನಿನಲ್ಲಿ ಒಂದು ಸೀಸನ್ ಕೂಡ ಉಳಿಯುವುದಿಲ್ಲ.